ಹಳೆಯ ಲ್ಯಾಟಿನ್ ಪುಸ್ತಕ ಯಾವ ಊರಿನದು? ಹೀಗೆ ಕಂಡುಹಿಡಿಯಿರಿ

ಮಲಬಾರಿನ ಗಿಡಮರಗಳ ಬಗ್ಗೆ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಲ್ಯಾಟಿನ್ ಗ್ರಂಥವಿದೆ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾಯಿತು. ಮೊದಲ ಸಂಪುಟದ ಶೀರ್ಷಿಕೆ ಪುಟದ ಕೆಳಗಡೆ ‘ಆಮ್ಸ್ಟೆಲೊಡಾಮೀ’ ಎಂದಿದೆ. ಇದು ಬರೀ ಅಚ್ಚಾದ ಊರಿನ ಹೆಸರಲ್ಲ. ‘ಆಮ್ಸ್ಟರ್‌ಡ್ಯಾಮಿನಲ್ಲಿ’ ಎಂದರ್ಥ. ನಾವು ‘ಮೈಸೂರಿನಲ್ಲಿ’ ಅನ್ನುತ್ತೇವಲ್ವಾ, ಹಾಗೇ ಇದು. ವಿಭಕ್ತಿ ಹೆಸರಿಗೇ ಅಂಟಿಕೊಂಡಿದೆ. ದೇಶದ ಹೆಸರಾದರೆ ಲ್ಯಾಟಿನ್‌ನಲ್ಲಿ ಹೆಸರಿಗಿಂತ ಮೊದಲು ‘ಇನ್’ ಎಂಬ ಪದ ಬೇಕು, ಊರಿಗೆ ಬೇಡ.

ಮೊದಲು ಹೆಸರಿನ ಕೊನೆ ನೋಡಿ. ‘ಐ’ ಇದ್ದರೆ (ಬರಹದಲ್ಲಿ ae ಅಕ್ಷರಗಳು) ಮೂಲ ಹೆಸರು ಸಾಮಾನ್ಯವಾಗಿ ‘ಆ’ದಲ್ಲಿ ಮುಗಿಯುತ್ತದೆ. ರೋಮೈ ಎಂದರೆ ರೋಮಿನಲ್ಲಿ, ಊರು ರೋಮಾ. ಕೊಪರ್ನಿಕಸ್‌ನ 1543ರ ಪುಸ್ತಕದಲ್ಲಿ ‘ನೊರಿಂಬೆರ್ಗೈ’ ಎಂದಿದೆ, ಅಂದರೆ ನ್ಯೂರೆಂಬರ್ಗ್. ಕೊನೆಗೆ ‘ಈ’ ಇದ್ದರೆ ಮೂಲದಲ್ಲಿ ‘ಉಮ್’ ಅಥವಾ ‘ಉಸ್’. ಆಮ್ಸ್ಟೆಲೊಡಾಮೀ ಹಾಗೇ ಬಂದದ್ದು.

‘ಈಸ್’ ಸಿಕ್ಕರೆ ಹೆಸರು ಬಹುವಚನ. ಗೆಲಿಲಿಯೊ 1610ರಲ್ಲಿ ದೂರದರ್ಶಕದಲ್ಲಿ ಕಂಡದ್ದನ್ನು ಬರೆದ ಪುಸ್ತಕದ ಮೇಲೆ ‘ವೆನೆಟಿಈಸ್’ ಎಂದಿದೆ, ಅಂದರೆ ವೆನಿಸ್ಸಿನಲ್ಲಿ. ‘ಪಾರಿಸಿಈಸ್’ ಇನ್ನೂ ಸೊಗಸು. ಪಾರಿಸಿಗಳೆಂಬುದು ಒಂದು ಬುಡಕಟ್ಟು. ಅವರ ಊರಿನ ಹೆಸರು ಲುಟೇಷಿಯಾ. ಕ್ರಮೇಣ ಆ ಹೆಸರು ಬಿದ್ದುಹೋಗಿ, ಜನರ ಹೆಸರೇ ಊರಿಗೆ ಉಳಿಯಿತು. ಅಲ್ಲಿಂದ ಪ್ಯಾರಿಸ್.

ಆಮೇಲೆ ಮುಂದಿನ ಪದ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ‘ಲುಗ್ಡೂನೀ’ ಒಂದೇ ಇದ್ದರೆ ಫ್ರಾನ್ಸಿನ ಲಿಯೋನ್. ಅದಾದ ಮೇಲೆ ‘ಬಟಾವೋರುಮ್’ (ಬಟಾವಿ ಎಂಬ ಬುಡಕಟ್ಟಿನವರ) ಎಂದಿದ್ದರೆ ಅದು ನೆದರ್ಲೆಂಡ್ಸಿನ ಲೈಡನ್. ಜೀವಿಗಳನ್ನು ವಿಂಗಡಿಸಿದ ವಿಜ್ಞಾನಿ ಲಿನೇಯಸ್‌ನ ‘ಸಿಸ್ಟೆಮಾ ನಾಟುರೈ’ ಪುಸ್ತಕ 1735ರಲ್ಲಿ ಹೊರಬಂದದ್ದು ಈ ಎರಡನೇ ಊರಿನಲ್ಲಿ. ಬರೀ ಮೊದಲ ಪದ ಓದಿ ಲಿಯೋನ್ ಎಂದು ಬರೆದುಕೊಂಡರೆ ದೇಶವೇ ತಪ್ಪುತ್ತದೆ.

ಪುರುಸೊತ್ತಿದ್ದರೆ ಹೆಸರಿನ ಬೇರನ್ನೂ ಹುಡುಕಿ. ‘ಕೊಲೋನಿಯೈ’ ಎಂದರೆ ಜರ್ಮನಿಯ ಕಲೋನ್‌ನಲ್ಲಿ. ಕ್ರಿ.ಶ. 50ರಲ್ಲಿ ರೋಮನ್ನರು ಅದಕ್ಕೆ ‘ಕೊಲೋನಿಯಾ’, ಅಂದರೆ ವಸಾಹತು, ಎಂಬ ಪಟ್ಟ ಕೊಟ್ಟರು. ನಮ್ಮ ಬಡಾವಣೆಗಳ ‘ಕಾಲೊನಿ’ ಇದೇ ಪದದ ಕುಡಿ.