ಮುಟ್ಟದ ಬೇಸ್‌ಗೆ ಔಟ್ ಪಡೆಯುವುದು: ನಮ್ಮ ಕಾಲೇಜು ಸಾಫ್ಟ್‌ಬಾಲ್ ತಂಡದಲ್ಲಿ ನಡೆದ ಕ್ರಮ

ಸಾಫ್ಟ್‌ಬಾಲ್‌ನಲ್ಲಿ ಹೊಡೆದ ಚೆಂಡು ಫೆನ್ಸ್ ದಾಟಿದರೆ ಹೋಂ ರನ್, ಆದರೂ ಬ್ಯಾಟರ್ ಫಸ್ಟ್, ಸೆಕೆಂಡ್, ಥರ್ಡ್, ಹೋಂ ಎಂಬ ನಾಲ್ಕೂ ಬೇಸ್ ಸಾಲಾಗಿ ಮುಟ್ಟಿ ಬರಬೇಕು. ಚೆಂಡು ದಾಟಿತು ಅಂದರೆ ನಮ್ಮ ಕಡೆಯ ತಂಡಗಳಲ್ಲಿ ಒಂಬತ್ತು ಜನ ಫೀಲ್ಡರ್‌ಗಳೂ ತಲೆ ತಗ್ಗಿಸಿ ಶೂ ತುದಿಯಲ್ಲಿ ನೆಲ ಕೆದಕುತ್ತಾ ನಿಲ್ಲುತ್ತಾರೆ. ಆ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಬ್ಯಾಟರ್ ಬೇಸ್ ಮುಟ್ಟಿದಳೋ ಬಿಟ್ಟಳೋ ನೋಡುವವರೇ ಇಲ್ಲ. ಅದನ್ನು ನೋಡಲಿಕ್ಕೇ ಒಂದು ಕ್ರಮ ಹಾಕಿಕೊಂಡಾಗ ಜೊತೆಯ ಕೋಚ್‌ಗಳು ನಕ್ಕರು. "ಸರ್, ಹೋಂ ರನ್‌ಗೂ ಅಪೀಲಾ? ಅಂಪೈರ್ ಕೊಟ್ಟ ಹಾಗೇ ಇದೆ!" ಕೊಡುತ್ತಾರೆ. ಬೇಸ್ ಬಿಟ್ಟಳು, ಔಟ್ ಕೊಡಿ ಎಂದು ಫೀಲ್ಡಿಂಗ್ ತಂಡ ಕೇಳುವುದೇ ಅಪೀಲ್, ಅದನ್ನು ಕೇಳಬೇಕಾದ ಹೊತ್ತಿಗೆ ಕೇಳಬೇಕಾದ ಮಾತಲ್ಲಿ ಕೇಳಿದರೆ ಕೊಡಲೇಬೇಕು. ಈ ಸಲದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಎದುರು ತಂಡದ ಮೂರು ರನ್ನಿನ ಹೋಂ ರನ್ ಹೀಗೇ ಅಳಿಸಿಹೋಯಿತು. ಎರಡು ಔಟ್ ಆಗಿದ್ದವು, ಬ್ಯಾಟರ್ ಬಿಟ್ಟದ್ದು ಫಸ್ಟ್ ಬೇಸ್. ಅಪೀಲಿನಲ್ಲಿ ಅದು ಇನ್ನಿಂಗ್ಸ್ ಮುಗಿಸುವ ಮೂರನೇ ಔಟ್, ಅದೂ ಬ್ಯಾಟರ್ ಫಸ್ಟ್ ಮುಟ್ಟುವ ಮೊದಲಿನ ಔಟ್ ಅಂತ ಲೆಕ್ಕ, ಹಾಗಾಗಿ ಮುಂದಿದ್ದ ಇಬ್ಬರ ರನ್ನೂ ಹೋದವು. ಬಿಟ್ಟದ್ದು ಸೆಕೆಂಡ್ ಆಗಿದ್ದರೆ ಆ ಎರಡು ರನ್ ಉಳಿಯುತ್ತಿದ್ದವು. ನಕ್ಕವರಲ್ಲಿ ಕೆಲವರು ಈಗ ಡ್ರಿಲ್ ಕೇಳುತ್ತಿದ್ದಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಹುಡುಗಿಯರಿಗೆ ಈ ಪಾಠ ಶುರು ಮಾಡುವುದು ಅಮೆರಿಕದ ಒಂದು ಕಾಲೇಜು ಪಂದ್ಯದಿಂದ. 2008ರ ಏಪ್ರಿಲ್ 26, ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್, ಸೆಂಟ್ರಲ್ ವಾಷಿಂಗ್ಟನ್ ಮತ್ತು ವೆಸ್ಟರ್ನ್ ಆರೆಗನ್ ವಿಶ್ವವಿದ್ಯಾಲಯಗಳ ಆಟ. ಆರೆಗನ್ನಿನ ಸಾರಾ ಟುಕೋಲ್ಸ್ಕಿ ಇಬ್ಬರು ಬೇಸ್ ಮೇಲಿದ್ದಾಗ ಜೀವಮಾನದ ಮೊದಲ ಹೋಂ ರನ್ ಹೊಡೆದಳು. ಚೆಂಡು ನೋಡುವ ಭರದಲ್ಲಿ ಫಸ್ಟ್ ಬೇಸ್ ಮುಟ್ಟದೆ ದಾಟಿದಳು. ಮುಟ್ಟಲೆಂದು ತಿರುಗಿದಾಗ ಬಲ ಮೊಣಕಾಲು ಕೈಕೊಟ್ಟಿತು, ತೆವಳಿಕೊಂಡು ಫಸ್ಟ್ ಬೇಸ್ ಹಿಡಿದಳು. ಬದಲಿ ಓಟಗಾರ್ತಿಯನ್ನು ಇಳಿಸಿದರೆ ಈ ಹೊಡೆತ ಎರಡು ರನ್ನಿನ ಸಿಂಗಲ್ (ಫಸ್ಟ್ ಬೇಸ್‌ವರೆಗಿನ ಹೊಡೆತ) ಅಷ್ಟೇ, ಅವಳ ತಂಡದವರು ಮುಟ್ಟಿದರೆ ಔಟ್ ಎಂದರು ಅಂಪೈರ್. ಆಗ ಎದುರು ತಂಡದ ಮ್ಯಾಲರಿ ಹೋಲ್ಟ್‌ಮನ್ ಮತ್ತು ಲಿಜ್ ವ್ಯಾಲೆಸ್ ಅವಳನ್ನು ಎತ್ತಿಕೊಂಡು ಒಂದೊಂದು ಬೇಸಿನ ಹತ್ತಿರವೂ ಬಗ್ಗಿ ಅವಳ ಎಡಗಾಲು ಮುಟ್ಟಿಸಿ ಹೋಂ ತಲುಪಿಸಿದರು. ಎದುರಾಳಿಗಳು ಎತ್ತಿಕೊಂಡು ಹೋಗಬಾರದು ಅನ್ನುವ ನಿಯಮ ಇರಲಿಲ್ಲ. ಆರೆಗನ್ 4-2ರಿಂದ ಗೆದ್ದಿತು.

ಎಲ್ಲರೂ ಕಣ್ಣೊರೆಸಿಕೊಂಡು ಹೇಳುವ ಪ್ರಸಂಗ ಅದು. ನಮಗೆ ಬೇಕಾದ್ದು ಅದರೊಳಗಿನ ತಪ್ಪು ತೀರ್ಪು. ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಅಂದಿನ ನಿಯಮ ಪುಸ್ತಕದಲ್ಲೇ ಉತ್ತರ ಇತ್ತು: ಸಿಕ್ಕ ಬೇಸ್‌ಗಳಿಗೆ ಹೋಗಲಾಗದಷ್ಟು ಗಾಯವಾದರೆ ಚೆಂಡು ಡೆಡ್, ಅಂದರೆ ಆಟ ನಿಂತಂತೆ, ಬದಲಿ ಆಟಗಾರ್ತಿ ಬಂದು ಮುಟ್ಟದೆ ಉಳಿದ ಬೇಸ್‌ಗಳನ್ನೆಲ್ಲ ಮುಟ್ಟಿ ಮುಗಿಸಬಹುದು, ತಪ್ಪಿಹೋದದ್ದೂ ಸೇರಿ. ಬದಲಿ ಓಟಗಾರ್ತಿ ಫಸ್ಟ್‌ನಿಂದ ಹೊರಟು ಸುತ್ತು ಮುಗಿಸಿದ್ದರೆ ಮೂರು ರನ್ ಪೂರ್ತಿ ಸಿಗುತ್ತಿತ್ತು, ಯಾರೂ ಯಾರನ್ನೂ ಹೊರಬೇಕಿರಲಿಲ್ಲ. ಇದು ಅಂಪೈರ್ ಕಣ್ಣಿನ ತೀರ್ಪಲ್ಲ, ನಿಯಮದ ಓದು. ಕಣ್ಣಿನ ತೀರ್ಪಿಗೆ ಪ್ರೊಟೆಸ್ಟ್, ಅಂದರೆ ಅಧಿಕೃತ ಆಕ್ಷೇಪ, ಇಲ್ಲ, ನಿಯಮದ ಓದಿಗೆ ಇದೆ. ಅದೂ ಮುಂದಿನ ಪಿಚ್ ಬೀಳುವ ಮೊದಲು. ಈ ಗೆರೆ ಗೊತ್ತಿಲ್ಲದೆ ಅಂಪೈರ್ ಮುಂದೆ ಕೂಗಾಡಿದರೆ ಗಂಟಲು ನೋವಷ್ಟೇ ಲಾಭ.

ಇನ್ನು ಕೆಲಸಕ್ಕೆ ಬರೋಣ. ಮೊದಲು ನಮ್ಮವರೇ ಬೇಸ್ ಬಿಡದಂತೆ ಮಾಡಬೇಕಿತ್ತು. ಅರವತ್ತು ಅಡಿಯ ಬೇಸ್ ದಾರಿಯಲ್ಲಿ ಹನ್ನೆರಡು ಹದಿನೈದು ಅಡಿ ಉಳಿದಾಗ ಹೊರಕ್ಕೆ ಬಾಗಿ ಒಳಮೂಲೆಗೆ ಕಾಲಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಡಗಾಲೇ ಬೇಕೆಂದು ಹಟ ಹಿಡಿಯುವ ಕೋಚ್‌ಗಳಿಂದಲೇ ಅರ್ಧ ತೊಂದರೆ. ಹುಡುಗಿ ಎಡಗಾಲಿಗೆ ಹೊಂದಿಸಲು ಕೊನೆಯ ಎರಡು ಹೆಜ್ಜೆ ಕುಯ್ಯುತ್ತಾಳೆ, ಲೆಕ್ಕ ತಪ್ಪಿ ಬೇಸಿನ ಪಕ್ಕದಲ್ಲಿ ಕಾಲು ಬೀಳುತ್ತದೆ. ಯಾವ ಕಾಲು ಬಂತೋ ಆ ಕಾಲು ಅಂತ ಬಿಟ್ಟ ಮೇಲೆ ನಮ್ಮಲ್ಲಿ ಬಿಟ್ಟ ಬೇಸ್‌ಗಳು ಅರ್ಧಕ್ಕಿಂತ ಕೆಳಗಿಳಿದವು. ಇನ್ನರ್ಧ ಚೆಂಡು ನೋಡುವ ಚಟದಿಂದ. ಕೊನೆಯ ಎರಡು ಹೆಜ್ಜೆ ಬೇಸ್ ಮೇಲೆ ಕಣ್ಣು, ಕಾಲಿಟ್ಟ ಮೇಲೆ ಕೋಚ್ ಮುಖ, ಚೆಂಡು ಯಾವಾಗಲೂ ಬೇಡ.

ಕಾಲು ಎಲ್ಲಿ ಬೀಳುತ್ತಿದೆ ಅಂತ ತೋರಿಸದೆ ಯಾರೂ ನಂಬುವುದಿಲ್ಲ. ಸುಣ್ಣದ ಪುಡಿ ಹಾಕಿ ನೋಡಿದೆವು, ಬೇಡವೇ ಬೇಡ. ಸ್ಲೈಡ್ ಮಾಡಿದವರ ಕಣ್ಣಿಗೆ ಹೋದರೆ ಆಸ್ಪತ್ರೆ ಖರ್ಚು ಬೇರೆ. ರಂಗೋಲಿ ಪುಡಿ ಸರಿಹೋಯಿತು, ಕೆ.ಜಿ.ಗೆ ಇಪ್ಪತ್ತು ಮೂವತ್ತು ರೂಪಾಯಿ. ಮಾಸಿ ಕೆಂಪಾದ ಹಳೆ ಬೇಸಿಗೆ ಬಿಳಿ ರಂಗೋಲಿ ಪುಡಿ, ಹೊಸ ಬಿಳಿ ಬೇಸಿಗೆ ಜಾಜು. ಟೀ ಸೋಸುವ ಜರಡಿಯಲ್ಲಿ ಅರ್ಧ ಹಿಡಿಯಷ್ಟು, ಅಂಚಿನ ನಾಲ್ಕಿಂಚು ಪಟ್ಟಿಗೆ ಮಾತ್ರ ಉದುರಿಸಿ. ಇಡೀ ಬೇಸಿಗೆ ಸುರಿದರೆ ರಬ್ಬರ್ ಮೇಲೆ ಕಾಲು ಜಾರುತ್ತದೆ, ಆದ್ದರಿಂದ ಮುಕ್ಕಾಲು ವೇಗದ ಓಟಕ್ಕೆ ಮಾತ್ರ, ಸ್ಲೈಡಿಂಗ್ ದಿನ ಬೇಡ. ಒಬ್ಬಳು ಓಡಿದ ಮೇಲೆ ಗುರುತು ನೋಡಿ ಒರೆಸಿ ಮತ್ತೆ ಉದುರಿಸಬೇಕು, ಇಲ್ಲದಿದ್ದರೆ ಯಾರ ಹೆಜ್ಜೆ ಯಾರದೋ. ಸಂಜೆ ಗಾಳಿ ಎದ್ದರೆ ಪುಡಿ ನಿಲ್ಲುವುದಿಲ್ಲ. ಬೆಳಗಿನ ಪ್ರಾಕ್ಟೀಸ್‌ಗೆ ಇಟ್ಟುಕೊಳ್ಳಿ.

ಮೊಬೈಲ್ ಹಿಡಿದರೆ ಸಾಲದೇ ಅನ್ನುವವರಿಗೆ: ಎತ್ತರದಿಂದ ಹಿಡಿದ ವಿಡಿಯೋ ಸುಳ್ಳು ಹೇಳುತ್ತದೆ. ಬೇಸಿನ ಆಚೆ ಬಿದ್ದ ಕಾಲೂ ಮೇಲಿನ ಕೋನದಿಂದ ಮುಟ್ಟಿದಂತೆಯೇ ಕಾಣುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ, ಬೇಸಿನ ಒಳಅಂಚಿನ ನೇರಕ್ಕೆ, ಇಪ್ಪತ್ತೈದು ಮೂವತ್ತು ಅಡಿ ದೂರ ಇಟ್ಟು ಸ್ಲೋ ಮೋಷನ್ ಹಾಕಿ. ಸಾಮಾನ್ಯ ಮೂವತ್ತು ಫ್ರೇಮಿನಲ್ಲಿ ಜೋರಾಗಿ ಓಡುವವಳು ಫ್ರೇಮಿಗೆ ಹೆಚ್ಚುಕಡಿಮೆ ಒಂದು ಗೇಣು ಸಾಗಿರುತ್ತಾಳೆ, ಪಾದ ಮಂಜಾಗಿ ಹೋಗುತ್ತದೆ.

ನಡುವೆ ಒಂದು ಹುಚ್ಚಾಟವೂ ನಡೆಯಿತು. ಭೌತಶಾಸ್ತ್ರದ ಹುಡುಗರನ್ನು ಹಿಡಿದು ಬೇಸಿನೊಳಗೆ ಬಜರ್ ಇಡಿಸಿದೆವು. ಎರಡು ಅಲ್ಯೂಮಿನಿಯಂ ಫಾಯಿಲ್ ಹಾಳೆ, ನಡುವೆ ತೂತು ಕೊರೆದ ಸ್ಪಂಜು, ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಬಜರ್. ಖರ್ಚು ಬೇಸಿಗೆ ನೂರೈವತ್ತರ ಆಸುಪಾಸು. ಕ್ಲೀಟ್ಸ್ ತುಳಿತಕ್ಕೆ ಫಾಯಿಲ್ ಹರಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಅಂಚಿಗೆ ಕಾಲಿಟ್ಟರೆ ಸದ್ದು ಬರುತ್ತಿರಲಿಲ್ಲ, ನಡುವೆ ತುಳಿದರೆ ಬರುತ್ತಿತ್ತು. ಹುಡುಗಿಯರು ಸದ್ದಿಗಾಗಿ ನಡುವೆ ತುಳಿಯಲು ಶುರು ಮಾಡಿ ಕಣಕಾಲು ಉಳುಕಿಸಿಕೊಳ್ಳುವ ಹಂತಕ್ಕೆ ಬಂದರು. ಅಲ್ಲಿಗೆ ನಿಲ್ಲಿಸಿದೆವು. ಬಜರ್ ಈಗ ಲ್ಯಾಬಿನಲ್ಲಿದೆ.

ದುಡ್ಡು ಹೆಚ್ಚು ನುಂಗಿದ್ದು ಡಬಲ್ ಬೇಸ್, ಅಂದರೆ ಫಸ್ಟ್‌ನಲ್ಲಿ ಫೀಲ್ಡರ್‌ಗೊಂದು ಓಟಗಾರ್ತಿಗೊಂದು ಎಂದು ಇಡುವ ಎರಡು ಬಣ್ಣದ ಜೋಡಿ ಬೇಸ್. ಕೊಂಡರೆ ದುಬಾರಿ ಎಂದು ಸೀಟ್ ಕವರ್ ಹೊಲಿಯುವವರ ಹತ್ತಿರ ಬಿಳಿ ಮತ್ತು ಕಿತ್ತಳೆ ರೆಕ್ಸಿನ್‌ನಲ್ಲಿ ಹದಿನೈದಕ್ಕೆ ಮೂವತ್ತಿಂಚು ಅಳತೆಗೆ ಹೊಲಿಸಿದೆವು. ಮೊದಲ ಸಲ ತೆಂಗಿನ ನಾರು ತುಂಬಿದ್ದು, ಒಂದೇ ಮಳೆಗೆ ಉಬ್ಬಿ ನಡುವೆ ದಿಬ್ಬವಾಯಿತು. ಆಮೇಲೆ ಹಳೆ ಜಿಮ್ ಮ್ಯಾಟ್ ಕತ್ತರಿಸಿ ಎರಡೂವರೆ ಇಂಚು ದಪ್ಪಕ್ಕೆ ತುಂಬಿದೆವು, ಇವತ್ತಿಗೂ ಇದೆ. ಎರಡೂ ಸಲ ಸೇರಿ ಸಾವಿರದ ಎಂಟುನೂರರಷ್ಟು ಆಗಿರಬೇಕು. ಮೊಳೆಯ ತಲೆ ನೆಲದ ಮಟ್ಟದಿಂದ ಕೆಳಗೇ ಹೋಗಲಿ, ಪಟ್ಟಿ ಬಿಗಿಯಾಗಿರಲಿ. ಗಟ್ಟಿ ನೆಲದಲ್ಲಿ ಮೊಳೆ ಸಡಿಲವಾಗಿ ಬೇಸ್ ಜಾರುವುದೇ ಜಗಳದ ಬೇರು. ಜಾರಿದ ಬೇಸಿನ ಹಿಂದೆ ಓಟಗಾರ್ತಿ ಹೋಗಬೇಕಿಲ್ಲ, ಅದು ಇರಬೇಕಾದ ಜಾಗದಲ್ಲಿ ನಿಂತರೂ ಸಾಕು. ಇದನ್ನು ಗೊತ್ತಿಲ್ಲದ ತಂಡಗಳು ಜಾರಿದ ಬೇಸ್ ಹಿಡಿದುಕೊಂಡು ಔಟ್ ಕೇಳುವುದು ಈಗಲೂ ನಡೆಯುತ್ತದೆ.

ಈಗ ಕ್ರಮದ ಮುಖ್ಯ ಭಾಗ. ಒಬ್ಬೊಬ್ಬರಿಗೆ ಒಂದೊಂದು ಬೇಸ್. ಹೋಂ ರನ್ ಆದರೆ ಎಲ್ಲರಿಗೂ ಬಿಡುವೇ ಇರುವುದರಿಂದ ಸುಲಭ: ಫಸ್ಟ್ ಬೇಸ್‌ಮನ್ ಫಸ್ಟಿಗೆ, ಸೆಕೆಂಡ್ ಬೇಸ್‌ಮನ್ ಸೆಕೆಂಡಿಗೆ, ಥರ್ಡಿಗೆ ಥರ್ಡ್, ಹೋಂಗೆ ಕ್ಯಾಚರ್. ಸೆಕೆಂಡ್ ಮತ್ತು ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಎಲ್ಲರ ಮುಖ ನೋಡುತ್ತಾಳೆ. ಚೆಂಡು ಆಟದಲ್ಲಿರುವಾಗ ಕಷ್ಟ. ಔಟ್‌ಫೀಲ್ಡಿಗೆ ಹೊಡೆತ ಹೋದಾಗ ಶಾರ್ಟ್‌ಸ್ಟಾಪ್, ಸೆಕೆಂಡ್ ಇಬ್ಬರಲ್ಲಿ ಒಬ್ಬಳು ಕಟ್‌ಆಫ್‌ಗೆ, ಅಂದರೆ ದೂರದ ಎಸೆತ ನಡುವೆ ಹಿಡಿದು ರಿಲೇ ಮಾಡಲು, ಹೋದರೆ ಇನ್ನೊಬ್ಬಳು ಸೆಕೆಂಡ್ ಬೇಸ್ ಬಿಡಬಾರದು. ಫಸ್ಟ್ ಬೇಸ್‌ಮನ್ ಬ್ಯಾಟರ್ ಮುಟ್ಟುವುದನ್ನು ನೋಡಿಯೇ ಅವಳ ಹಿಂದೆ ಓಡಬೇಕು. ಮೊದಲ ಕೆಲವು ವಾರ ಕಣ್ಣು ಬೇಸಿಗೆ ಹೋಗಿ ರಿಲೇ ಕೆಟ್ಟಿತು, ಚೆಂಡಿಗೆ ಹೋಗಿ ಬೇಸ್ ತಪ್ಪಿತು. ರಿಲೇಯಲ್ಲಿ ಕೈ ಇರುವವಳಿಗೆ ಬೇಸಿನ ಜವಾಬ್ದಾರಿ ಇಲ್ಲ ಎಂದು ಬಿಟ್ಟ ಮೇಲೆ ಕೂತಿತು.

ಬಿಟ್ಟದ್ದು ಕಂಡ ಕೂಡಲೇ ಕೂಗಬೇಡಿ. ಇಲ್ಲೇ ಹೆಚ್ಚಿನವರು ಕೆಡಿಸಿಕೊಳ್ಳುವುದು. ನೀವು ಕೂಗಿದರೆ ಎದುರು ಕೋಚಿಗೂ ಕೇಳುತ್ತದೆ, ಓಟಗಾರ್ತಿ ತಿರುಗಿ ಬಂದು ಮುಟ್ಟುತ್ತಾಳೆ. ಚೆಂಡು ಡೆಡ್ ಆದ ಮೇಲೆ, ಬಿಟ್ಟ ಬೇಸಿನ ಮುಂದಿನ ಬೇಸ್ ಮುಟ್ಟಿಬಿಟ್ಟರೆ ಅವಳಿಗೆ ವಾಪಸ್ ದಾರಿ ಇಲ್ಲ. ಹೋಂ ರನ್ನಿನಲ್ಲಿ ಫಸ್ಟ್ ಬಿಟ್ಟಳೆಂದರೆ ಸೆಕೆಂಡ್ ಮುಟ್ಟುವವರೆಗೆ ಬಾಯಿ ಮುಚ್ಚಿಕೊಳ್ಳಿ. ನಮ್ಮವರು ಪಿಚರ್‌ಗೆ ಸುದ್ದಿ ಮುಟ್ಟಿಸುವ ಸನ್ನೆ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ವಲಯದವರೂ ಓದುತ್ತಾರೆ.

ನಂತರ ಅವಸರ ಬೇಡ. ಎಲ್ಲ ಓಟಗಾರ್ತಿಯರೂ ಸುತ್ತು ಮುಗಿಸಲಿ, ಅಂಪೈರ್ ಹೊಸ ಚೆಂಡು ಕೊಡಲಿ. ಪಿಚರ್ ತಾನು ಎಸೆಯುವ ಜಾಗದ ರಬ್ಬರ್ ಪಟ್ಟಿ ಮೇಲೆ ಕಾಲಿಡಬಾರದು, ಒಂದು ಪಿಚ್ ಬಿದ್ದರೆ ಹಕ್ಕು ಮುಗಿಯಿತು. ಇನ್‌ಫೀಲ್ಡರ್ ಒಬ್ಬಳು ಅಂಪೈರ್ ಹತ್ತಿರ ನಡೆದು ಹೋಗಿ ಸ್ಪಷ್ಟವಾಗಿ ಹೇಳಬೇಕು: "ಅಪೀಲ್ ಮಾಡ್ತಿದ್ದೀವಿ ಸರ್, ಬ್ಯಾಟರ್ ಫಸ್ಟ್ ಬೇಸ್ ಮುಟ್ಟಿಲ್ಲ." ಯಾರು, ಯಾವ ಬೇಸ್, ಎರಡೂ ಬರಬೇಕು. "ಮುಟ್ಟಿದ್ಲಾ ಸರ್?" ಅನ್ನುವುದು ಅಪೀಲ್ ಅಲ್ಲ, ವಿಚಾರಣೆ. ಅಂಪೈರ್ ಕಂಡಿದ್ದರೂ ತಾನಾಗಿ ಹೇಳುವಂತಿಲ್ಲ. ನಾಲ್ಕೂ ಬೇಸಿಗೆ ಬಲೆ ಬೀಸಿದರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಆಟ ನಡೆದಿರುವಾಗಲೇ ಬೇಸಿಗೆ ಚೆಂಡು ಎಸೆದು ಲೈವ್ ಬಾಲ್ ಅಪೀಲ್ ಮಾಡುವುದನ್ನು ನಾವು ಬಿಟ್ಟೇಬಿಟ್ಟೆವು. ಎಸೆತ ಹಾದಿ ತಪ್ಪಿ ಇನ್ನೊಂದು ರನ್ ಕೊಟ್ಟುಕೊಂಡದ್ದೇ ಬಂತು. ಡೆಡ್ ಬಾಲ್‌ನಲ್ಲಿ ಮಾತೇ ಸಾಕಾಗಿರುವಾಗ ಕೈಗೆ ಯಾಕೆ ಕೆಲಸ?

ಮೊದಲ ಸಲ ಕೇಳಿದಾಗ ಕೊಡಲಿಲ್ಲ ಎಂದು ಕೈಬಿಡಬೇಡಿ. ಬೇಸ್‌ಬಾಲ್‌ನಲ್ಲಿ ಇದಕ್ಕೆ ಹಳೆಯ ಸಾಕ್ಷಿ ಇದೆ. 1908ರ ಸೆಪ್ಟೆಂಬರ್ 4ರಂದು ಶಿಕಾಗೋ ಕಬ್ಸ್‌ನ ಜಾನಿ ಎವರ್ಸ್ ಪಿಟ್ಸ್‌ಬರ್ಗ್‌ನಲ್ಲಿ, ಗೆಲುವಿನ ರನ್ ಬಂದಾಗ ಫಸ್ಟ್‌ನಲ್ಲಿದ್ದವನು ಸೆಕೆಂಡ್ ಮುಟ್ಟದೆ ಹೊರಟುಹೋದ ಎಂದು ಔಟ್ ಕೇಳಿದರು, ಅಂಪೈರ್ ಹ್ಯಾಂಕ್ ಒಡೇ ಕೊಡಲಿಲ್ಲ. ಅದೇ ತಿಂಗಳ 23ರಂದು ನ್ಯೂಯಾರ್ಕಿನಲ್ಲಿ ಜಯಂಟ್ಸ್‌ನ ಫ್ರೆಡ್ ಮರ್ಕಲ್ ಅದೇ ರೀತಿ ಹೊರಟಾಗ ಎವರ್ಸ್ ಮತ್ತೆ ಕೇಳಿದರು, ಅದೇ ಒಡೇ ಔಟ್ ಕೊಟ್ಟರು. ನಮ್ಮ ಅಪೀಲಿಗೂ ಮೊದಲು ಸಿಕ್ಕ ಉತ್ತರ "ಹೋಂ ರನ್ ಡೆಡ್ ಬಾಲ್, ಅಪೀಲ್ ಬರಲ್ಲ" ಎಂಬುದೇ. ನಿಯಮ ಪುಸ್ತಕದ ಪುಟ ತೆರೆದು ತೋರಿಸಿದ ಮೇಲೆ ಇಬ್ಬರು ಅಂಪೈರ್‌ಗಳು ಬದಿಗೆ ಹೋಗಿ ಮಾತಾಡಿದರು. ಬೇಸ್ ಅಂಪೈರ್ ಕಾಲು ಬಿದ್ದ ಜಾಗ ಕಂಡಿದ್ದರು. ಔಟ್.

ಹಾಗಾಗಿ ಜೇಬಿನಲ್ಲಿ ಏನಿರಬೇಕು: ಆ ಪಂದ್ಯಾವಳಿಗೆ ಅನ್ವಯಿಸುವ ಪುಸ್ತಕದ ಅಪೀಲ್, ಬದಲಿ ಆಟಗಾರ್ತಿ, ಪ್ರೊಟೆಸ್ಟ್ ಪುಟಗಳ ಜೆರಾಕ್ಸ್, ಲ್ಯಾಮಿನೇಟ್ ಮಾಡಿಸಿ. ಅಮೆರಿಕದ ಕಾಲೇಜು ನಿಯಮ ಇಲ್ಲಿ ನಡೆಯುವುದಿಲ್ಲ, ಮ್ಯಾನೇಜರ್ ಮೀಟಿಂಗಿನಲ್ಲೇ ಯಾವ ಪುಸ್ತಕ ಎಂದು ಕೇಳಿಬಿಡಿ. ಪ್ರೊಟೆಸ್ಟ್ ಆದರೆ ಇನ್ನಿಂಗ್ಸ್, ಔಟ್, ಬಾಲ್-ಸ್ಟ್ರೈಕ್ ಕೌಂಟ್, ಬೇಸ್ ಮೇಲೆ ಯಾರು, ಅಂಪೈರ್ ಹೇಳಿದ್ದೇನು, ನಿಯಮದ ಸಂಖ್ಯೆ ಯಾವುದು, ಇಷ್ಟೂ ಸ್ಕೋರ್‌ಬುಕ್ಕಿನ ಅಂಚಿನಲ್ಲಿ ಅಲ್ಲೇ ಬರೆಸಿ. ಶುಲ್ಕ ನಮ್ಮ ಕಡೆ ಐನೂರರಿಂದ ಎರಡು ಸಾವಿರದವರೆಗೆ ನೋಡಿದ ನೆನಪು. ನೋಟು ಕೈಯಲ್ಲಿರಲಿ, ಫೋನ್ ಪೇ ಅಲ್ಲಿ ನಡೆಯಲಿಕ್ಕಿಲ್ಲ.

ಇನ್ನೂ ಕೂರದಿರುವುದು ಮೂರನೇ ಔಟ್ ಆದ ಮೇಲಿನ ಅಪೀಲ್. ಮೂರನೇ ಔಟಿಗೆ ಮೊದಲೇ ಹೋಂ ಸೇರಿದವಳು ಥರ್ಡ್ ಬಿಟ್ಟಿದ್ದರೆ ಆ ಔಟ್ ಆದ ಮೇಲೂ ಕೇಳಿ ರನ್ ತೆಗೆಸಬಹುದು, ಆದರೆ ಇನ್‌ಫೀಲ್ಡರ್‌ಗಳೆಲ್ಲ ಫೇರ್ ಗೆರೆ (ಆಟದ ಅಂಗಳದ ಗಡಿ) ದಾಟುವ ಮೊದಲು. ನಮ್ಮವರು ಔಟ್ ಅಂದ ತಕ್ಷಣ ನೀರಿನ ಬಾಟಲಿಗೆ ಓಡುತ್ತಾರೆ. ಈಗ ಕ್ಯಾಚರ್ ಕೈ ಎತ್ತುವವರೆಗೆ ಶಾರ್ಟ್‌ಸ್ಟಾಪ್ ಮತ್ತು ಥರ್ಡ್ ಜಾಗ ಬಿಡುವಂತಿಲ್ಲ ಎಂದು ಮಾಡಿದ್ದೇವೆ. ಪ್ರಾಕ್ಟೀಸಿನಲ್ಲಿ ನಿಲ್ಲುತ್ತಾರೆ, ಪಂದ್ಯದಲ್ಲಿ ಹತ್ತಕ್ಕೆ ಆರು ಸಲ ಅಷ್ಟೇ.