ಹೈಸ್ಕೂಲ್ ಮಕ್ಕಳಿಗೆ ಕರಿಯರ್ ಗೈಡೆನ್ಸ್: ಮೊದಲು ಕೆಲಸ ತೋರ್ಸಿ, ಆಮೇಲೆ ಆಯ್ಕೆ ಕೇಳಿ

"ಮುಂದೆ ಏನಾಗ್ತೀಯಾ" ಅಂತ ಕೇಳಿದ್ರೆ ಹದಿನಾಲ್ಕು ಹದಿನೈದರ ಮಕ್ಕಳು ಏನಾದ್ರೂ ಒಂದು ಹೇಳೇ ಹೇಳ್ತಾರೆ, ಡಾಕ್ಟರ್, ಇಂಜಿನಿಯರ್, ಟೀಚರ್, ಪೊಲೀಸ್, ಯಾಕಂದ್ರೆ ಅವರಿಗೆ ಗೊತ್ತಿರೋ ಕೆಲಸಗಳೇ ಅಷ್ಟು. ಹದಿನೈದು ವರ್ಷದ ಮಕ್ಕಳಿಗೆ ಬೇರೆ ಬೇರೆ ದೇಶಗಳಲ್ಲಿ ನಡೆಸೋ ಪಿಸಾ ಸರ್ವೆಯ 2018ರ ಉತ್ತರಗಳನ್ನ ನೋಡಿ ಒಇಸಿಡಿ ಅನ್ನೋ ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ 2020ರಲ್ಲಿ ಒಂದು ವರದಿ ಕೊಡ್ತು. ಹುಡುಗರಲ್ಲಿ ಶೇ. 47, ಹುಡುಗೀರಲ್ಲಿ ಶೇ. 53 ಮಂದಿ ಮೂವತ್ತು ವರ್ಷ ಆಗೋ ಹೊತ್ತಿಗೆ ತಾವು ಮಾಡ್ತಿರ್ತೀವಿ ಅಂದ್ಕೊಂಡಿರೋದು ಹತ್ತೇ ಹತ್ತು ಜನಪ್ರಿಯ ಕೆಲಸಗಳಲ್ಲಿ ಒಂದನ್ನ. ಸಾವಿರಾರು ಥರದ ಕೆಲಸ ಇರೋ ಪ್ರಪಂಚದಲ್ಲಿ ಸುಮಾರು ಅರ್ಧ ಮಕ್ಕಳು ಹತ್ತು ಬಾಗಿಲ ಮುಂದೆ ಕ್ಯೂ ನಿಂತಿರೋ ಹಾಗೆ.

ಫ್ರಾಂಕ್ ಪಾರ್ಸನ್ಸ್ ಅನ್ನೋರು 1908ರಲ್ಲಿ ಬಾಸ್ಟನ್‌ನಲ್ಲಿ ಉದ್ಯೋಗ ಸಲಹೆಗೆ ಅಂತಾನೇ ಒಂದು ಬ್ಯೂರೋ ಶುರು ಮಾಡಿದ್ರು, ಅವರ ಸೂತ್ರ ಸರಳ: ನಿನ್ನನ್ನ ನೀನು ತಿಳ್ಕೋ, ಕೆಲಸಗಳನ್ನ ತಿಳ್ಕೋ, ಎರಡನ್ನೂ ಕೂಡಿಸಿ ಯೋಚ್ನೆ ಮಾಡು. ಇವತ್ತಿಗೂ ಎಷ್ಟೋ ಸ್ಕೂಲ್‌ಗಳಲ್ಲಿ ಮೊದಲನೇದಕ್ಕೆ ಒಂದು ಟೆಸ್ಟ್ ಇರತ್ತೆ, ಕೊನೇದಕ್ಕೆ ಒಂದು ಫಾರ್ಮ್ ಇರತ್ತೆ, ನಡುವಿನದಕ್ಕೆ ಮಾತ್ರ ಯಾರೋ ಒಬ್ರು ಬಂದು ಭಾಷಣ ಮಾಡಿ ಹೋಗೋದು ಬಿಟ್ರೆ ಏನೂ ಇರಲ್ಲ. ನೀವು ಟೀಚರ್ ಆಗಿರಿ, ತಂದೆತಾಯಿ ಆಗಿರಿ, ಇರೋ ಟೈಮ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ನಡುವಿನದಕ್ಕೇ ಕೊಡಿ.

ಮೊದಲು 'ಬೇಡ'ಗಳನ್ನ ಕೇಳಿ

ಒಂದು ಮೂವತ್ತು ನಲವತ್ತು ಕೆಲಸಗಳ ಹೆಸರು ಚೀಟಿ ಮೇಲೆ ಬರ್ದು ಮಕ್ಕಳ ಮುಂದಿಡಿ. ವೆಲ್ಡರ್, ನರ್ಸ್, ಆಡಿಟರ್, ಫಿಸಿಯೋಥೆರಪಿಸ್ಟ್, ಕ್ರೇನ್ ಆಪರೇಟರ್, ಸರ್ವೇಯರ್, ಸೌಂಡ್ ಇಂಜಿನಿಯರ್, ಹೀಗೆ ಕಲಸಿ ಹಾಕಿ. ಬೇಡ ಅನ್ಸಿದ್ದನ್ನ ಪಕ್ಕಕ್ಕೆ ತೆಗೆದು ಚೀಟಿ ಹಿಂದೆ ಯಾಕೆ ಬೇಡ ಅಂತ ಒಂದು ಸಾಲು ಬರೀಲಿ. ಓದಿ ನೋಡಿದ್ರೆ "ಅದು ಹುಡುಗೀರ ಕೆಲಸ", "ಅದಕ್ಕೆ ಮರ್ಯಾದೆ ಇಲ್ಲ", "ಹಂಗಂದ್ರೆ ಏನು ಗೊತ್ತಿಲ್ಲ" ಇಂಥವೇ ತುಂಬಿರತ್ತೆ. ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಹೇಳಿದ್ದೂ ಇದನ್ನೇ, ಮಕ್ಕಳು ಆರರಿಂದ ಎಂಟರ ವಯಸ್ಸಲ್ಲಿ ಗಂಡು ಹೆಣ್ಣು ಅನ್ನೋ ಲೆಕ್ಕದಲ್ಲಿ, ಒಂಬತ್ತರಿಂದ ಹದಿಮೂರರಲ್ಲಿ ಅಂತಸ್ತಿನ ಲೆಕ್ಕದಲ್ಲಿ ಒಂದಷ್ಟು ಕೆಲಸಗಳನ್ನ ಹೊಡೆದು ಹಾಕಿರ್ತಾರೆ, ನನಗೇನಿಷ್ಟ ಅನ್ನೋ ಪ್ರಶ್ನೆ ಬರೋದು ಅದಾದ್ಮೇಲೆ. ನಾವು ಕೇಳೋ ಹೊತ್ತಿಗೆ ಲಿಸ್ಟ್ ಆಗ್ಲೇ ಸಣ್ಣದಾಗಿರತ್ತೆ. ಬೈಬೇಡಿ, ಉಪದೇಶನೂ ಬೇಡ, ಗೊತ್ತಿಲ್ದೇ ಬೇಡ ಅಂದಿದ್ದನ್ನೆಲ್ಲ ವಾಪಸ್ ಮೇಜಿನ ಮೇಲಿಡಿ ಸಾಕು.

ಟೆಸ್ಟ್ ಬಗ್ಗೆ

ಆಸಕ್ತಿಯ ಟೆಸ್ಟ್‌ಗಳಲ್ಲಿ ಬಹಳಷ್ಟಕ್ಕೆ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಆರು ಗುಂಪು: ಕೈಯಿಂದ ಮಾಡೋದು, ಹುಡುಕಿ ತಿಳ್ಕೊಳ್ಳೋದು, ಹೊಸದು ಕಟ್ಟೋದು, ಜನರಿಗೆ ನೆರವಾಗೋದು, ಮುಂದೆ ನಿಂತು ನಡೆಸೋದು, ಲೆಕ್ಕ ದಾಖಲೆ ಅಚ್ಚುಕಟ್ಟಾಗಿ ಇಡೋದು. ಮಾಡ್ಸಿ, ಆದ್ರೆ ಆಸಕ್ತಿ ಬೇರೆ ಸಾಮರ್ಥ್ಯ ಬೇರೆ ಅಂತ ಮಗುಗೆ ಮೊದಲೇ ಹೇಳಿ. ಬಂದಿರೋ ರಿಸಲ್ಟನ್ನ ಯಾವತ್ತೂ ತೀರ್ಪಿನ ಥರ ಓದಿ ಹೇಳ್ಬೇಡಿ, "ಇದು ನಿಂಗೆ ಸರಿ ಅನ್ಸತ್ತಾ, ಎಲ್ಲಿ ತಪ್ಪಿದೆ" ಅಂತ ಅವರನ್ನೇ ಕೇಳಿ.

ಕೆಲಸ ಮಾಡೋರ ಜೊತೆ ಇಪ್ಪತ್ತು ನಿಮಿಷ

ನನ್ನ ಪ್ರಕಾರ ಇದೊಂದನ್ನ ಸರಿಯಾಗಿ ಮಾಡಿದ್ರೆ ಮಿಕ್ಕಿದ್ದೆಲ್ಲ ಹಗುರ ಆಗತ್ತೆ. ಸ್ಟೇಜ್ ಬೇಡ, ಮೈಕ್ ಬೇಡ, ಇಬ್ಬಿಬ್ರು ಮಕ್ಕಳು ಒಬ್ಬರ ಜೊತೆ ಕೂತು ಮಾತಾಡ್ಲಿ, ಹೋಗೋಕೆ ಆಗದಿದ್ರೆ ಫೋನಲ್ಲೇ ಆಗ್ಲಿ, ಹತ್ರ ಒಬ್ರು ದೊಡ್ಡೋರು ಇರ್ಲಿ. "ನಿಮ್ಮ ಸಾಧನೆ ಏನು" ಥರದ ಪ್ರಶ್ನೆ ಬಿಡಿ, ಅದಕ್ಕೆ ಬರೋದು ಭಾಷಣಾನೇ. ನಿನ್ನೆ ಕೆಲಸಕ್ಕೆ ಬಂದ ತಕ್ಷಣ ಏನು ಮಾಡಿದ್ರಿ? ದಿನದಲ್ಲಿ ಜಾಸ್ತಿ ಹೊತ್ತು ಯಾವುದಕ್ಕೆ ಹೋಗತ್ತೆ? ಬೇಜಾರು ತರಿಸೋ ಭಾಗ ಯಾವುದು? ಹೊಸಬರು ಎಲ್ಲಿ ಎಡವ್ತಾರೆ? ಈ ಕೆಲಸ ಬಿಟ್ಟು ಹೋದೋರು ಯಾಕೆ ಬಿಟ್ರು? ಸಂಬಳನೂ ಕೇಳ್ಬಹುದು, ಆದ್ರೆ "ನಿಮಗೆಷ್ಟು" ಅಂತ ಅಲ್ಲ, "ಹೊಸದಾಗಿ ಸೇರೋರಿಗೆ ಎಷ್ಟಿರತ್ತೆ" ಅಂತ.

ಒಬ್ಳು ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಅಂದ್ರೆ ದಿನವಿಡೀ ಮೈಕ್ರೋಸ್ಕೋಪ್ ನೋಡ್ತಾ ಕೂರೋರು ಅಂದ್ಕೊಂಡಿದ್ಲು. "ನಿನ್ನೆ ಬಂದ ತಕ್ಷಣ ಏನು ಮಾಡಿದ್ರಿ" ಅಂದಾಗ ಆ ಟೆಕ್ನಿಷಿಯನ್ ಹೇಳಿದ್ದು, ಮೊದಲು ಉತ್ತರ ಎಷ್ಟು ಬರ್ಬೇಕು ಅಂತ ಗೊತ್ತಿರೋ ಕಂಟ್ರೋಲ್ ಸ್ಯಾಂಪಲ್‌ನ ಮಷೀನಿಗೆ ಹಾಕ್ತೀವಿ, ಅದು ಸರಿ ಬರೋವರ್ಗೂ ರೋಗಿಗಳ ಸ್ಯಾಂಪಲ್ ಮುಟ್ಟೋ ಹಾಗಿಲ್ಲ. ಆ ಹುಡುಗಿ ಬರ್ಕೊಂಡಿದ್ದ ಪ್ರಶ್ನೆಗಳನ್ನೆಲ್ಲ ಬಿಟ್ಟು "ಸರಿ ಬರ್ದಿದ್ರೆ ತಪ್ಪು ಎಲ್ಲಿದೆ ಅಂತ ಹೇಗೆ ಹುಡುಕ್ತೀರಾ" ಅಂತ ಶುರು ಮಾಡಿದ್ಲು, ಮಾತು ಮುಗಿಯೋವರ್ಗೂ ಅದೇ. ತಪ್ಪು ಹುಡುಕೋದ್ರಲ್ಲಿ ಅವಳಿಗೆ ಅಷ್ಟು ಆಸೆ ಇದೆ ಅಂತ ಅಲ್ಲಿವರೆಗೂ ಯಾರಿಗೂ ಗೊತ್ತಿರ್ಲಿಲ್ಲ, ಅವಳಿಗೂ. ಹಾಗಾಗಿ ವಾಪಸ್ ಬಂದ್ಮೇಲೆ "ಆ ಕೆಲಸ ಇಷ್ಟ ಆಯ್ತಾ" ಅಂತ ಕೇಳ್ಬೇಡಿ, "ಯಾವ ಮಾತಿಗೆ ಕಿವಿ ನೆಟ್ಟಗಾಯ್ತು" ಅಂತ ಕೇಳಿ.

ಎಷ್ಟು ಸಲ ಮಾಡ್ಸೋದು ಅಂದ್ರೆ, ಇಂಗ್ಲೆಂಡ್‌ನಲ್ಲಿ 2014ರಲ್ಲಿ ಬಂದ, ಸ್ಕೂಲಲ್ಲಿ ಕರಿಯರ್ ಗೈಡೆನ್ಸ್ ಹೇಗಿರ್ಬೇಕು ಅಂತ ಹೇಳೋ ಗ್ಯಾಟ್ಸ್‌ಬಿ ಮಾನದಂಡಗಳ ಪ್ರಕಾರ ಹನ್ನೊಂದನೇ ವಯಸ್ಸಿಂದ ವರ್ಷಕ್ಕೆ ಒಂದಾದ್ರೂ ಇಂಥ ಭೇಟಿ ಆಗ್ಬೇಕು, ಹದಿನಾರು ತುಂಬೋದ್ರೊಳಗೆ ಸಲಹೆಗಾರರ ಜೊತೆ ಒಂದು ಸಲ ಒಬ್ಬೊಬ್ಬರಾಗಿ ಮಾತುಕತೆ ಆಗ್ಬೇಕು. ಲೆಕ್ಕಕ್ಕೆ ಇದು ಒಳ್ಳೆ ಅಳತೆ, ಆದ್ರೆ ನಾನು ಟರ್ಮ್‌ಗೆ ಒಂದು ಭೇಟಿ ಅಂತ ಹೇಳ್ತೀನಿ.

ಸಬ್ಜೆಕ್ಟ್ ಆರಿಸೋವಾಗ

ಇಡೀ ಜೀವನದ ತೀರ್ಮಾನ ಕೇಳ್ಬೇಡಿ, ಮುಂದಿನ ಎರಡು ಮೂರು ವರ್ಷದ್ದು ಸಾಕು. ಈ ಸಬ್ಜೆಕ್ಟ್ ಬಿಟ್ರೆ ಮುಂದೆ ಯಾವ ಕೋರ್ಸಿಗೆ ಸೇರೋಕಾಗಲ್ಲ, ಮನಸ್ಸು ಬದಲಾದ್ರೆ ವಾಪಸ್ ಬರೋ ದಾರಿ ಇದ್ಯಾ, ಈ ಎರಡನ್ನ ಕಾಲೇಜಿಂದಾನೇ ಕೇಳಿ ತಿಳ್ಕೊಳ್ಳಿ, ಸೀನಿಯರ್ ಹೇಳಿದ್ರು ಅಂತ ನಂಬ್ಬೇಡಿ, ನಿಯಮ ಬದಲಾಗ್ತಾ ಇರತ್ತೆ.

ಮನೇಲಿ ಒಪ್ಪಲ್ಲ ಅನ್ನೋದು ಎಲ್ಲ ಕಡೆ ಬರೋ ತೊಂದ್ರೆ. ತಂದೆತಾಯೀನ ಕರೆಸಿ ಮಗು ಪರವಾಗಿ ವಾದ ಮಾಡೋಕೆ ಹೋಗ್ಬೇಡಿ, ಭೇಟಿಲಿ ಮಗು ಬರ್ಕೊಂಡಿರೋ ನೋಟ್ಸ್‌ನ ಅದೇ ಓದಿ ಹೇಳ್ಲಿ, ಆಮೇಲೆ "ನಿಮಗೆ ಯಾವುದು ಹೆದರಿಕೆ" ಅಂತ ಅವರನ್ನ ಕೇಳಿ. ಸಾಮಾನ್ಯವಾಗಿ ಅದು ದುಡ್ಡಾಗಿರತ್ತೆ, ಇಲ್ಲಾ ಮಗು ದೂರ ಹೋಗತ್ತೆ ಅನ್ನೋದು, ಇಲ್ಲಾ ಆ ಕೆಲಸದ ಬಗ್ಗೆ ಗೊತ್ತಿಲ್ದೇ ಇರೋದು. ಮೂರನೇದಾದ್ರೆ ಮುಂದಿನ ಭೇಟಿಗೆ ಅವರನ್ನೂ ಜೊತೇಲಿ ಕರ್ಕೊಂಡು ಹೋಗಿ, ಪ್ರಶ್ನೆಗಳನ್ನ ಅವರೂ ಕೇಳ್ಲಿ.