ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ

ನಮ್ಮ ಮನೆಯ ಹಾಲಿನ ಲೆಕ್ಕದ ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ಓದಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಆಕ್ಟೋಪಸ್‌ಗೆ ಮೂರು ಹೃದಯ. ಆಸ್ಟ್ರೇಲಿಯಾದ ವಾಂಬ್ಯಾಟ್ ಹಾಕುವ ಹಿಕ್ಕೆ ಚೌಕ ಚೌಕ. ಸ್ಕಾಟ್ಲೆಂಡಿನ ರಾಷ್ಟ್ರೀಯ ಪ್ರಾಣಿ ಒಂಟಿ ಕೊಂಬಿನ ಕುದುರೆ, ಅಂದರೆ ಲೋಕದಲ್ಲೇ ಇಲ್ಲದ ಪ್ರಾಣಿ!

ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅದೇ ನನ್ನ ಷರತ್ತು. ಉಪಯೋಗ ಇದ್ದರೆ ಆ ಪುಟದಲ್ಲಿ ಜಾಗ ಇಲ್ಲ. ಪಾತ್ರೆ ಮೇಲೆ ಮರದ ಸೌಟು ಅಡ್ಡ ಇಟ್ಟರೆ ಹಾಲು ಬೇಗ ಉಕ್ಕುವುದಿಲ್ಲ ಅಂತ ಹೆಂಡತಿ ಒಮ್ಮೆ ಅಲ್ಲಿ ಬರೆದಿದ್ದಳು. ಹೊಡೆದು ಹಾಕಿದೆ. ಬೈಸಿಕೊಂಡೆ.

ಶುರುವಿನಲ್ಲಿ ಕಿವಿಗೆ ಬಿದ್ದಿದ್ದನ್ನೆಲ್ಲ ಬರೆಯುತ್ತಿದ್ದೆ. ಒಂದು ಮದುವೆ ಊಟದಲ್ಲಿ, ಪಾಯಸ ಬರುವ ಮುಂಚೆ, ಚೀನಾದ ಮಹಾಗೋಡೆ ಚಂದ್ರನಿಂದಲೂ ಕಾಣುತ್ತದೆ ಅಂತ ಗತ್ತಿನಲ್ಲಿ ಹೇಳಿದೆ. ಎದುರು ಪಂಕ್ತಿಯ ಹೈಸ್ಕೂಲ್ ಹುಡುಗ ಎಲೆಯಿಂದ ತಲೆ ಎತ್ತದೆ ಕೇಳಿದ: "ಗೋಡೆ ಉದ್ದ ಇದೆ ಅಂಕಲ್. ಅಗಲ ಎಷ್ಟು?"

ಕೆಲವೇ ಮೀಟರ್. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರ. ಮನೆಗೆ ಬಂದು ಹುಡುಕಿದರೆ ಇನ್ನೂ ಮುಖಭಂಗ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಭೂಮಿ ಸುತ್ತಿ ಬಂದು, ಗೋಡೆ ಕಾಣಲಿಲ್ಲ ಅಂತ ಅವರೇ ಹೇಳಿಬಿಟ್ಟಿದ್ದರು. ಅವರು ಚಂದ್ರನ ಹತ್ತಿರವೂ ಹೋದವರಲ್ಲ.

ಅವತ್ತಿನಿಂದ ಮೊದಲು ಪೆನ್ಸಿಲ್, ಆಮೇಲೆ ಪೆನ್ನು. ಎರಡು ಮೂರು ಕಡೆ ತಾಳೆ ನೋಡಿದ ಮೇಲೆಯೇ ಪೆನ್ನು. ನಿಜ ಹೇಳಬೇಕೆಂದರೆ ಮಜಾ ಶುರುವಾಗಿದ್ದೇ ಆಗ. 1896ರ ಆಗಸ್ಟ್ 27ರಂದು ಬ್ರಿಟಿಷರಿಗೂ ಆಫ್ರಿಕಾದ ಪಕ್ಕದ ಜಾಂಜಿಬಾರ್ ದ್ವೀಪಕ್ಕೂ ನಡೆದ ಯುದ್ಧ ಚರಿತ್ರೆಯಲ್ಲೇ ತೀರಾ ಚಿಕ್ಕದು. ಒಂದು ಕಡೆ 38 ನಿಮಿಷ ಅಂತ ಇದೆ, ಇನ್ನೊಂದು ಕಡೆ 45. ಗುಂಡು ಹಾರಿಸಿ ಅಂತ ಹೇಳಿದಾಗಿನಿಂದ ಎಣಿಸಬೇಕಾ, ಹಾರಿದಾಗಿನಿಂದಲಾ ಅಂತ ತಕರಾರು. ಯುದ್ಧಕ್ಕಿಂತ ಜಾಸ್ತಿ ಹೊತ್ತು ನಾನು ಅದರ ಲೆಕ್ಕ ಹುಡುಕಿದ್ದೇನೆ.

ನನ್ನ ಪುಸ್ತಕಕ್ಕೆ ದೊಡ್ಡ ಪರೀಕ್ಷಕಿ ಅಕ್ಕನ ಮಗಳು. ಶುಕ್ರ ಗ್ರಹದಲ್ಲಿ ವರ್ಷಕ್ಕಿಂತ ದಿನವೇ ಉದ್ದ ಅಂತ ಅವಳಿಗೆ ಹೇಳಿದೆ. ಸೂರ್ಯನನ್ನು ಸುತ್ತಲು ಅದಕ್ಕೆ ನಮ್ಮ 225 ದಿನ ಸಾಕು, ತನ್ನ ಸುತ್ತ ತಾನು ಒಮ್ಮೆ ತಿರುಗಲು 243 ದಿನ ಬೇಕು. ಅವಳು ಸುಮ್ನೆ ಬಿಡಬೇಕಲ್ಲ? "ಹಾಗಾದ್ರೆ ಮಾವ, ಒಂದು ಬೆಳಗ್ಗೆಯಿಂದ ಇನ್ನೊಂದು ಬೆಳಗ್ಗೆಗೂ 243 ದಿನಾನಾ?"

ಗೊತ್ತಿರಲಿಲ್ಲ. ಎರಡು ಸಂಜೆ ಹುಡುಕಿದೆ. ಉತ್ತರ ಸುಮಾರು 117 ದಿನ! ಶುಕ್ರ ತಿರುಗುವುದು ಉಲ್ಟಾ. ಸೂರ್ಯನನ್ನು ಒಂದು ದಿಕ್ಕಿನಲ್ಲಿ ಸುತ್ತುತ್ತಾ ತಾನು ಇನ್ನೊಂದು ದಿಕ್ಕಿಗೆ ತಿರುಗುವುದರಿಂದ ಸೂರ್ಯ ಬೇಗ ಎದುರಿಗೆ ಬಂದುಬಿಡುತ್ತಾನೆ. ಅದೂ ಪಶ್ಚಿಮದಿಂದ ಹುಟ್ಟುತ್ತಾನೆ. ಊಟದ ಮೇಜಿನ ಮೇಲೆ ಕಿತ್ತಳೆ ಹಣ್ಣು ತಿರುಗಿಸಿ ತಿರುಗಿಸಿ ನೋಡಿದ ಮೇಲೆ ನನಗೆ ಅರ್ಥವಾಯಿತು. ಅದನ್ನು ಪೆನ್ನಿನಲ್ಲಿ ಬರೆದ ಖುಷಿಯೇ ಬೇರೆ.

ಮೈಸೂರಿನ ಬಣ್ಣದ ಕಾರ್ಖಾನೆಯ ಸಂಗತಿಯನ್ನೂ ಅವಳಿಗೆ ಹೇಳಿದ್ದೆ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದಲೂ ಅಲ್ಲಿಂದಲೇ ಹೋಗುತ್ತದೆ. ನನ್ನ ಪುಟದಲ್ಲಿ ಅದಕ್ಕೆ ಒಳ್ಳೆ ಜಾಗ ಕೊಟ್ಟಿದ್ದೆ. ಮೊನ್ನೆ ಫೋನ್ ಮಾಡಿದಳು. ಅವಳು ಬರೆದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತಂತೆ, ಒಂದು ಮಾರ್ಕು ಸಿಕ್ಕಿತಂತೆ.

ಸಂತೋಷವೇ. ಫೋನ್ ಇಟ್ಟು, ಪುಸ್ತಕ ತೆಗೆದು, ಆ ಸಾಲನ್ನು ಹೊಡೆದು ಹಾಕಿದೆ.